ಕೆಳಗಿನ ತುಂಡು ಮಾರಬೇಡಿ

ಬ್ಲಿಸ್‌ವರ್ತ್ ಹತ್ತಿರ, ನಾರ್ಥಾಂಪ್ಟನ್‌ಶೈರ್
18-1-2026, ಆದಿತ್ಯವಾರ

ತೀರ್ಥರೂಪ ಅಪ್ಪನಿಗೂ ಅಮ್ಮನಿಗೂ ಮುರಳಿ ಮಾಡುವ ನಮಸ್ಕಾರಗಳು. ನಾನು ಕ್ಷೇಮ. ನೀವೂ ಕ್ಷೇಮವೆಂದು ತಿಳಿಯುತ್ತೇನೆ.

ಅಪ್ಪಾ, ನಿಮ್ಮ ಪತ್ರ ಗುರುವಾರ ಸಿಕ್ಕಿತು. ಎರಡು ಸಲ ಓದಿದೆ. ಮೊದಲ ಸಲ ನಗು ಬಂತು, ಎರಡನೆಯ ಸಲ ಎದೆ ಧಸಕ್ಕೆಂದಿತು. ತೋಟದ ಕೆಳಗಿನ ತುಂಡನ್ನು ಕೇಳಿಕೊಂಡು ಜನ ಬಂದಿದ್ದಾರೆ, 40 ಲಕ್ಷಕ್ಕೆ ಮಾತಾಗಿದೆ, ಆ ಹಣ ಕಳುಹಿಸುತ್ತೇನೆ, ಮೊದಲು ಆ ದೋಣಿವಾಸ ಬಿಟ್ಟು ಮನುಷ್ಯರ ಹಾಗೆ ನೆಲದ ಮೇಲೆ ಒಂದು ಮನೆ ಮಾಡು ಎಂದು ಬರೆದಿದ್ದೀರಿ. ಫೋನು ಮಾಡಿದರೆ ನೀವು ಮಾತಿಗೆ ಸಿಗುವುದಿಲ್ಲ. ಪತ್ರಕ್ಕೆ ಪತ್ರದಲ್ಲೇ ಉತ್ತರ ಬರಲಿ ಎಂದು ಅಮ್ಮನ ಬಾಯಲ್ಲಿ ಹೇಳಿಸಿದಿರಿ. ಮಾಸ್ತರಿಕೆ ಬಿಟ್ಟು ಹನ್ನೆರಡು ವರ್ಷವಾದರೂ ಬೆತ್ತ ಕೈಯಲ್ಲೇ ಇದೆ. ಇರಲಿ. ಕಾಗುಣಿತ ತಪ್ಪಿದಲ್ಲಿ ಎಂದಿನಂತೆ ಕೆಂಪು ಶಾಯಿ ಹಾಕಿಕೊಳ್ಳಿ, ಆದರೆ ಮೊದಲು ವಿಷಯ ಓದಿ.

ಮಾರಬೇಡಿ. ಮುಂಗಡ ತೆಗೆದುಕೊಂಡಿದ್ದರೆ ಹಿಂದೆ ಕೊಟ್ಟುಬಿಡಿ. ಕರಾರು ಪತ್ರಕ್ಕೆ ಸಹಿ ಹಾಕಿಲ್ಲ ತಾನೇ? ಹಾಕಲೇಬೇಕೆಂದು ಅವರು ಕುಳಿತರೆ, ಕಾಗದ ಪತ್ರವೆಲ್ಲ ಕನ್ನಡದಲ್ಲಿ ಮಾಡಿಸಿ ತನ್ನಿ, ಮಲಯಾಳದ್ದಕ್ಕೆ ನಾನು ಸಹಿ ಮಾಡುವುದಿಲ್ಲ ಎಂದುಬಿಡಿ. ಕೇರಳ ಸರಕಾರದಿಂದ ಮಲಯಾಳದಲ್ಲಿ ಬಂದ ನೋಟೀಸನ್ನು ಮೂರು ಸಲ ಹಿಂದೆ ಕಳುಹಿಸಿದವರು ನೀವು. ನಿಮಗೆ ನಾನು ಹೇಳಿಕೊಡಬೇಕೇ? ಅಷ್ಟರಲ್ಲಿ ಆರು ತಿಂಗಳು ಕಳೆಯುತ್ತದೆ, ಅವರಿಗೂ ಬೇರೆ ಜಾಗ ಸಿಗುತ್ತದೆ.

ಇದೆಲ್ಲ ರಾಜೇಶ ಭಾವನ ಕೆಲಸವೆಂದು ನನಗೆ ಗೊತ್ತು. ನವೆಂಬರಿನಲ್ಲಿ ಬಂದು ಎರಡು ರಾತ್ರಿ ಇದ್ದ. ಆರಡಿ ಆಳು, ಬಾಗಿಲಿಗೆ ತಲೆ ಹೊಡೆಸಿಕೊಂಡದ್ದು ನಾಲ್ಕು ಸಲ. ಆ ಸಿಟ್ಟನ್ನು ಅವನು ಕುಂಬಳೆ ಪೇಟೆಯಲ್ಲಿ ತೀರಿಸಿಕೊಂಡಿದ್ದಾನೆ. ಮಾಸ್ತರರ ಮಗ ಇಂಗ್ಲೆಂಡಿನಲ್ಲಿ ಮನೆಯಿಲ್ಲದೆ ದೋಣಿಯಲ್ಲಿ ಮಲಗುತ್ತಾನೆ ಎಂದರೆ ಯಾರಿಗಾದರೂ ಅಯ್ಯೋ ಎನ್ನಿಸುವುದೇ. ಕುಂಬಳೆ ಹತ್ತಿರದ ಅನಂತಪುರ ದೇವಸ್ಥಾನದಲ್ಲಿ ದೇವರೇ ಕೆರೆಯ ನಡುವೆ ಇದ್ದಾನೆ, ಅವನಿಗೆ ಯಾರೂ ಅಯ್ಯೋ ಎನ್ನುವುದಿಲ್ಲ, ಕೈ ಮುಗಿಯುತ್ತಾರೆ. ನನಗೆ ಅಲ್ಲಿನ ಕೆರೆಯ ಹಾಗೆ ಮೊಸಳೆಯ ಕಾವಲೂ ಇಲ್ಲ ಎಂಬುದಷ್ಟೇ ವ್ಯತ್ಯಾಸ. ಬಾತುಕೋಳಿಗಳಿವೆ.

ನೀವು ಕಣ್ಣ ಮುಂದೆ ತಂದುಕೊಂಡಿರುವುದು ಶಿರಿಯ ಹೊಳೆಯ ಹೊಯಿಗೆ ದೋಣಿಯನ್ನು. ಇದು ಹಾಗಲ್ಲ. ಉಕ್ಕಿನ ತಗಡಿನಿಂದ ಮಾಡಿದ, 50 ಅಡಿ ಉದ್ದದ, 6 ಅಡಿ 10 ಅಂಗುಲ ಅಗಲದ ಮನೆ. ರೈಲಿನ ಒಂದು ಬೋಗಿಯನ್ನು ಅಡ್ಡಕ್ಕೆ ಹಿಂಡಿ ಸಪೂರ ಮಾಡಿದ ಹಾಗೆ ಎಂದುಕೊಳ್ಳಿ. ಎರಡು ಕೈ ಚಾಚಿದರೆ ಎರಡು ಗೋಡೆಯೂ ಸಿಗುತ್ತವೆ. ಇಷ್ಟು ಸಪೂರ ಯಾಕೆಂದರೆ ಇನ್ನೂರೈವತ್ತು ವರ್ಷದ ಹಿಂದೆ ಕಾಲುವೆ ತೋಡಿದವರು ಇಲ್ಲಿ ಬಹಳ ಕಡೆ ಲಾಕ್‌ಗಳನ್ನು ಏಳೇ ಅಡಿ ಅಗಲಕ್ಕೆ ಕಟ್ಟಿದರು. ಕಲ್ಲಿದ್ದಲು ಹೊರುತ್ತಿದ್ದ ದೋಣಿಗಳು ಆ ಅಳತೆಗೆ ಆದವು, ಈಗ ನಮ್ಮ ಮನೆಗಳೂ ಅದೇ ಅಳತೆಗೆ. ಲಾಕ್ ಎಂದರೆ ನಿಮಗೆ ಸುಲಭವಾಗಿ ತಿಳಿಯುತ್ತದೆ. ನಾವು ಡಿಸೆಂಬರಿನಲ್ಲಿ ತೋಡಿಗೆ ಹಾಕುವ ಕಟ್ಟವೇ, ಆದರೆ ಒಂದರ ಹಿಂದೆ ಒಂದು ಎರಡು ಕಟ್ಟ, ನಡುವೆ ದೋಣಿ. ಹಲಗೆಯ ಬದಲು ಕದ. ಮೇಲಿನ ನೀರು ಬಿಟ್ಟರೆ ದೋಣಿ ಏರುತ್ತದೆ, ಕೆಳಗೆ ಬಿಟ್ಟರೆ ಇಳಿಯುತ್ತದೆ. ಪಂಪೂ ಇಲ್ಲ, ಕರೆಂಟೂ ಇಲ್ಲ. ಕೈಯಿಂದ ಹಲ್ಲುಚಕ್ರ ತಿರುಗಿಸಬೇಕು. ನಮ್ಮಲ್ಲಿ ಕಟ್ಟ ಹಾಕುವ ಐತಪ್ಪ ನೋಡಿದರೆ ಇದನ್ನು ನಾನೂ ಮಾಡುತ್ತಿದ್ದೆ, ಯಾರೂ ಹೇಳಲಿಲ್ಲ ಎನ್ನುತ್ತಾನೆ.

ಅಮ್ಮ, ನಿನಗೆ: ಚಳಿಯಿಲ್ಲ. ಹೋದ ವಾರ ಕಾಲುವೆಯ ನೀರು ಮೇಲೆ ಗಾಜಿನಂತೆ ಹೆಪ್ಪುಗಟ್ಟಿತ್ತು, ಒಳಗೆ ನಾನು ಬನಿಯನಿನಲ್ಲಿ ಕುಳಿತಿದ್ದೆ. ಕಬ್ಬಿಣದ ಒಲೆ ಇದೆ, ಹೊಗೆ ಕಡಿಮೆ ಬರುವ ಕಲ್ಲಿದ್ದಲು ಹಾಕಿದರೆ ರಾತ್ರಿಯಿಡೀ ಕೆಂಡ ಆರುವುದಿಲ್ಲ. ವಿಷಗಾಳಿ ಬಂದರೆ ಕಿರುಚುವ ಯಂತ್ರ ತಲೆಯ ಮೇಲೆಯೇ ಇದೆ. ನಾನು ಒಗ್ಗರಣೆ ಹಾಕಿದರೂ ಅದರ ಪಕ್ಕದ ಇನ್ನೊಂದು ಕಿರುಚುತ್ತದೆ. ಕುಚ್ಚಿಲಕ್ಕಿ ಅದೇ ಒಲೆಯ ಮೇಲೆ ಬೇಯುತ್ತದೆ, ಗ್ಯಾಸು ಉಳಿಯಿತು. ನೀನು ಕಳುಹಿಸಿದ ಮಿಡಿ ಉಪ್ಪಿನಕಾಯಿ ಅರ್ಧ ಭರಣಿ ಉಳಿದಿದೆ. ಹದಿನೈದು ದಿನಕ್ಕೊಮ್ಮೆ ಕಲ್ಲಿದ್ದಲು, ಡೀಸೆಲ್, ಗ್ಯಾಸಿನ ಅಂಡೆ ಹೊತ್ತ ದೋಣಿ ಮಾರಿಕೊಂಡು ಬರುತ್ತದೆ. ನಮ್ಮಲ್ಲಿ ಮೀನಿನವನು ಸ್ಕೂಟರಿನಲ್ಲಿ ಪೊಂ ಪೊಂ ಎಂದು ಬರುವಂತೆಯೇ. ಕಕ್ಕಸಿನ ಬಗ್ಗೆ ರಾಜೇಶ ಭಾವ ಏನು ಹೇಳಿದ್ದಾನೋ ಗೊತ್ತಿಲ್ಲ. ಒಳಗೇ ಇದೆ, ಕೆಳಗೆ ಒಂದು ಪೆಟ್ಟಿಗೆ, ಅದನ್ನು ಎಳೆದು ತೆಗೆದು ನೇಮಿಸಿದ ಜಾಗದಲ್ಲಿ ಸುರಿದು ತೊಳೆದು ಬರಬೇಕು. ಅಜ್ಜ ಚೊಂಬು ಹಿಡಿದುಕೊಂಡು ಗುಡ್ಡೆಗೆ ಹೋಗುತ್ತಿದ್ದುದನ್ನು ನೆನೆದರೆ ಇದು ಅರಮನೆ.

ಈಗ ಲೆಕ್ಕ. ಅಪ್ಪಾ, ನಾನು ದೋಣಿಗೆ ಬಂದದ್ದು ದಾರಿದ್ರ್ಯದಿಂದಲ್ಲ, ಲೆಕ್ಕದಿಂದ. ಪಟ್ಟಣದಲ್ಲಿ ಬೇರೆಯವರ ಮನೆಯ ಒಂದು ಕೋಣೆಗೆ ತಿಂಗಳಿಗೆ 650 ಪೌಂಡ್ ಕೊಡುತ್ತಿದ್ದೆ. ವರ್ಷಕ್ಕೆ 7,800. ಅಡುಗೆಮನೆಗೆ ಸರದಿ, ಸಾಸಿವೆ ಸಿಡಿಸಿದರೆ ಮುಖ ಸಿಂಡರಿಸುವವರು ಮೂವರು. ದೋಣಿಗೆ ಕಟ್ಟುವ ಜಾಗದ ಬಾಡಿಗೆ, ಲೈಸೆನ್ಸು, ವಿಮೆ, ಕಲ್ಲಿದ್ದಲು, ಡೀಸೆಲ್, ಗ್ಯಾಸು ಎಲ್ಲ ಸೇರಿ ಕಳೆದ ವರ್ಷ ಐದೂವರೆ ಸಾವಿರದ ಒಳಗೆ ಮುಗಿಯಿತು. ದೋಣಿ 1994ರದ್ದು, 36,000 ಪೌಂಡಿಗೆ ಕೊಂಡೆ. ಕುರುಡಾಗಿ ಕೊಂಡದ್ದಲ್ಲ. ನೀರಿನಿಂದ ಮೇಲಕ್ಕೆ ಎತ್ತಿಸಿ, ಪರೀಕ್ಷಕನನ್ನು ಕರೆಸಿ, ತಗಡನ್ನು ಅಲ್ಲಲ್ಲಿ ತಟ್ಟಿಸಿ, ಯಂತ್ರವಿಟ್ಟು ದಪ್ಪ ಅಳೆಸಿದೆ. ನೀವು ತೆಂಗಿನಕಾಯಿ ಬಡಿದು ನೋಡುವ ಹಾಗೆಯೇ. ಬದಿಯ ತಗಡು ಹೊಸತರಲ್ಲಿ 6 ಮಿಲಿಮೀಟರ್ ಇದ್ದದ್ದು ತೀರ ಸವೆದ ಕಡೆಯಲ್ಲೂ 4.8 ಇತ್ತು. ನಾಲ್ಕಕ್ಕಿಂತ ಇಳಿದರೆ ವಿಮೆಯವರು ತಕರಾರು ತೆಗೆಯುತ್ತಾರೆ. ಗ್ಯಾಸು, ಕರೆಂಟು, ಬೆಂಕಿ ಎಲ್ಲವನ್ನೂ ನೋಡಿ ಕೊಡುವ ಸುರಕ್ಷತಾ ಪತ್ರ ನಾಲ್ಕು ವರ್ಷಕ್ಕೊಮ್ಮೆ ಬೇಕು, ಅದೂ ಇದೆ. ಎರಡು ಮೂರು ವರ್ಷಕ್ಕೊಮ್ಮೆ ತಳಕ್ಕೆ ಡಾಮರಿನಂಥ ಕಪ್ಪು ಬಳಿಯಬೇಕು. ಬೋರ್ಡೋ ದ್ರಾವಣ ಹೊಡೆಯದೆ ಅಡಿಕೆಗೆ ಕೊಳೆರೋಗ ಬರಿಸಿಕೊಂಡವನಲ್ಲ ನಿಮ್ಮ ಮಗ, ತುಕ್ಕು ಹಿಡಿಸಿಕೊಳ್ಳುವುದೂ ಇಲ್ಲ.

36,000ದಲ್ಲಿ ನನ್ನ ಉಳಿತಾಯ 24,000. ಉಳಿದದ್ದು ಬ್ಯಾಂಕಿನದ್ದು. ಇದನ್ನು ಆಗಲೇ ಹೇಳಬೇಕೆಂದಿದ್ದೆ, ಆಗ ಅಮ್ಮನ ಮೊಣಕಾಲಿನ ಗಡಿಬಿಡಿ ಇತ್ತು. ಅದು ಸಾಲ ಎನ್ನುವಷ್ಟು ದೊಡ್ಡದೇನಲ್ಲ, ತಿಂಗಳ ಸಂಬಳದಿಂದ ತಾನಾಗಿಯೇ ಹೋಗುತ್ತದೆ, ನನಗೆ ಗೊತ್ತೂ ಆಗುವುದಿಲ್ಲ. ನಾಲ್ಕು ವರ್ಷದಲ್ಲಿ ಮುಗಿಯುತ್ತದೆ. ಅದರ ಚಿಂತೆ ಖಂಡಿತ ಬೇಡ.

ಹಾಗಾದರೆ ಚಿಂತೆ ಯಾವುದಕ್ಕೆ ಎಂದರೆ, ದೋಣಿಗಲ್ಲ, ಗೂಟಕ್ಕೆ.

ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಯಾಕೆಂದರೆ ಭಾವನಿಗೆ ಎರಡು ರಾತ್ರಿ ಹೇಳಿದರೂ ಅರ್ಥವಾಗಲಿಲ್ಲ. ದನ ಕೊಂಡರೆ ಸಾಲದು, ಕಟ್ಟಲು ಹಟ್ಟಿಯಲ್ಲಿ ಗೂಟ ಬೇಕಲ್ಲ, ಇಲ್ಲಿ ಆ ಗೂಟಕ್ಕೆ ಮೂರಿಂಗ್ ಎನ್ನುತ್ತಾರೆ. ದೋಣಿಯನ್ನು ಖಾಯಮ್ಮಾಗಿ ಕಟ್ಟಿ ನಿಲ್ಲಿಸಲು ಹಕ್ಕಿರುವ ದಡ. ಅದರಲ್ಲಿ ಎರಡು ಜಾತಿ. ಒಂದು ಹವ್ಯಾಸದವರದ್ದು: ದೋಣಿಯನ್ನು ಕಟ್ಟಿ ಮನೆಗೆ ಹೋಗುವವರು, ರಜೆಯಲ್ಲಿ ಬಂದು ನಾಲ್ಕು ದಿನ ಇರುವವರು. ಇನ್ನೊಂದು ವಾಸದ್ದು: ಅಲ್ಲೇ ಉಣ್ಣಬಹುದು, ಮಲಗಬಹುದು, ಕಾಗದ ತರಿಸಿಕೊಳ್ಳಬಹುದು, ಇದು ನನ್ನ ವಿಳಾಸ ಎನ್ನಬಹುದು. ವಾಸದ ಗೂಟಕ್ಕೆ ಜಾಗದ ಒಡೆಯರು ನಮ್ಮ ಪಂಚಾಯತಿನಂಥ ಇಲ್ಲಿನ ಕೌನ್ಸಿಲಿನಿಂದ ಮನೆ ಕಟ್ಟಲು ತೆಗೆದುಕೊಳ್ಳುವಂಥ ಅನುಮತಿಯನ್ನೇ ತೆಗೆದುಕೊಂಡಿರಬೇಕು. ಅದು ಸುಲಭಕ್ಕೆ ಸಿಗುವುದಿಲ್ಲ, ಹಾಗಾಗಿ ಮೊದಲ ಜಾತಿಯ ಗೂಟ ಬೇಕಾದಷ್ಟಿವೆ, ಎರಡನೆಯದಕ್ಕೆ ಜನ ವರ್ಷಗಟ್ಟಲೆ ಕಾಯುತ್ತಾರೆ. ಲಂಡನ್ನಿನ ಕಡೆ ಅದರ ಬಾಡಿಗೆ ಕೇಳಿದರೆ ಮನೆಯೇ ವಾಸಿ ಎನ್ನಿಸುತ್ತದೆ.

ನನ್ನದು ಮೊದಲ ಜಾತಿಯದ್ದು, ವರ್ಷಕ್ಕೆ 3,000. ದೋಣಿ ಮಾರಿದವನು, ಎಲ್ಲರೂ ಸದ್ದಿಲ್ಲದೆ ಇರುತ್ತಾರೆ, ನೀನೂ ಇರು ಎಂದಿದ್ದ. ಇದ್ದೆ. ಡಿಸೆಂಬರ್ ಎರಡನೆಯ ವಾರ, ದೋಣಿಗಳನ್ನು ಕಟ್ಟಿ ನಿಲ್ಲಿಸುವ ಈ ಮರೀನಾದ ಮೇಲ್ವಿಚಾರಕ ಬಂದು ಕಿಟಕಿ ತಟ್ಟಿದ. ಒಳ್ಳೆಯ ಮನುಷ್ಯ, ದನಿ ಏರಿಸಿದವನಲ್ಲ. ದಿನಾ ಬೆಳಿಗ್ಗೆ ನಿನ್ನ ಚಿಮಣಿಯಲ್ಲಿ ಹೊಗೆ ಕಾಣುತ್ತದೆ, ನಿನ್ನ ಹೆಸರಿಗೆ ಕಚೇರಿಗೆ ಕಾಗದ ಬರುತ್ತದೆ, ಹವ್ಯಾಸದವರಿಗೆ ಇದು ತುಸು ಹೆಚ್ಚಾಯಿತು ಎಂದ. ಅಪ್ಪಾ, ಆ ಕಾಗದ ನಿಮ್ಮದೇ, ಮೇಲೆ ಕನ್ನಡದಲ್ಲೂ ವಿಳಾಸ ಬರೆದದ್ದು. ಅವನಿಗೆ ಅಕ್ಷರ ಬಹಳ ಚೆಂದ ಕಂಡಿತಂತೆ. ಫೆಬ್ರವರಿ ಕೊನೆಯವರೆಗೆ ಸಮಯ ಕೊಟ್ಟಿದ್ದಾನೆ.

ಗಾಬರಿ ಬೇಡ. ಫೆಬ್ರವರಿ ಎಂದರೆ ಇನ್ನೂ ಆರು ವಾರ ಇದೆ. ಆರು ವಾರ ಕಡಿಮೆಯೇನಲ್ಲ.

ಹುಡುಕುತ್ತಲೇ ಇದ್ದೇನೆ. ಇಲ್ಲಿಂದ ಒಂಬತ್ತು ಮೈಲಿಯಲ್ಲಿ ಅನುಮತಿ ಇರುವ ವಾಸದ ಜಾಗ ಒಂದಿದೆ, ವರ್ಷಕ್ಕೆ 4,900, ಕರೆಂಟು ಬೇರೆ, ಕೌನ್ಸಿಲಿನ ತೆರಿಗೆಯೂ ಬೀಳುತ್ತದೆ. ಆದರೂ ಬಾಡಿಗೆಗೆ ಬಾಡಿಗೆ ಮಾತ್ರ ನೋಡಿದರೆ ಕೋಣೆಗಿಂತ ಅಗ್ಗ. ಪಟ್ಟಿಯಲ್ಲಿ ನಾನು ಮೂರನೆಯವನು. ಮುಂದಿನ ಇಬ್ಬರಲ್ಲಿ ಒಬ್ಬರ ದೋಣಿ 60 ಅಡಿ, ಖಾಲಿಯಾಗಲಿರುವ ಜಾಗ 52 ಅಡಿ, ಎಂದರೆ ನಾನು ಎರಡನೆಯವನು ಎಂದೇ ಲೆಕ್ಕ. 50 ಅಡಿಯ ದೋಣಿ ಕೊಳ್ಳು, ಉದ್ದದ್ದು ಬೇಡ ಎಂದು ಹೇಳಿದ ಪರೀಕ್ಷಕನನ್ನು ಈಗ ದಿನಕ್ಕೆರಡು ಸಲ ನೆನೆಯುತ್ತೇನೆ.

ಇನ್ನೊಂದು ಜಾಗ ನೋಡಿ ಬಂದೆ, ಹೋದ ಶನಿವಾರ. ಒಬ್ಬ ಮುದುಕಿಯ ಹೊಲದ ಅಂಚು, ಎಪ್ಪತ್ತೆಂಟು ವರ್ಷ, ಒಬ್ಬಳೇ, ನೂರು ಕುರಿ. ಹೆಣ್ಣು ನೋಡಲು ಹೋದವನಂತೆ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಹೋದೆ, ಗೇಟು ದಾಟುವಾಗಲೇ ಮೊಣಕಾಲಿನವರೆಗೆ ಕೆಸರು. ಮುಳ್ಳಿನ ಪೊದೆಯನ್ನು ಕೋಲಿನಿಂದ ಸರಿಸಿ ತೋರಿಸಿದಳು, ಮಣ್ಣಿನಲ್ಲಿ ಅರ್ಧ ಹೂತ ಎರಡು ಕಬ್ಬಿಣದ ಬಳೆ, ಹಳೆಯ ರೈಲು ಹಲಗೆ ನಾಲ್ಕು. ಅವಳ ಗಂಡ ಹೂಳಿದ್ದಂತೆ. ಬಳೆ ಹಿಡಿದು ಎಳೆದೆ, ಅಲುಗಲಿಲ್ಲ. ಕರೆಂಟಿಲ್ಲ, ನಲ್ಲಿ ಕುರಿಗಳ ತೊಟ್ಟಿಯ ಹತ್ತಿರ. ನಮ್ಮ ಕೆರೆಯಲ್ಲಿ ಏಪ್ರಿಲಿನಲ್ಲಿ ನೀವು ಬಿದಿರಿನ ಗಳು ಇಳಿಸಿ, ಒದ್ದೆಯಾದ ಗುರುತಿಗೆ ಹೆಬ್ಬೆರಳು ಒತ್ತಿ, ಇನ್ನು ಇಪ್ಪತ್ತು ದಿನದ ನೀರಿದೆ ಎನ್ನುತ್ತಿದ್ದಿರಲ್ಲ, ನಾನೂ ದೋಣಿಯ ಕೋಲನ್ನು ಹಾಗೆಯೇ ಇಳಿಸಿದೆ. ದಡದ ಹತ್ತಿರ ಎರಡಡಿಯೂ ಇಲ್ಲ. ನನ್ನ ದೋಣಿಗೆ ಎರಡೂಕಾಲು ಬೇಕು. ಕಟ್ಟಿದರೆ ಒಂದು ಬದಿ ಕೆಸರಿನ ಮೇಲೆ ಕುಳಿತು ಇನ್ನೊಂದು ಬದಿಗೆ ವಾಲುತ್ತದೆ, ಬಾಣಲೆಯ ಎಣ್ಣೆಯೆಲ್ಲ ಒಂದೇ ಮೂಲೆಗೆ. ಕೋಲನ್ನು ಮೇಲಕ್ಕೆತ್ತಿ ಗುರುತು ತೋರಿಸಿದೆ. ನೀನು ರೈತರ ಮನೆಯವನೇ ಎಂದು ಕೇಳಿದಳು. ಹೌದು, ಅಡಿಕೆ ಎಂದೆ. ಅಡಿಕೆ ಎಂದರೇನು ಎಂದು ಹೇಳಲು ಅರ್ಧ ಗಂಟೆ ಬೇಕಾಯಿತು. ತಿನ್ನುವುದೂ ಅಲ್ಲ, ಉಗುಳುವುದು ಎಂದರೆ ಯಾರು ನಂಬುತ್ತಾರೆ? ಕೊನೆಗೆ, ಬೇಲಿ ಕತ್ತರಿಸಿಕೊಡುವುದಾದರೆ ವರ್ಷಕ್ಕೆ 1,500ಕ್ಕೆ ಕೊಡುತ್ತೇನೆ, ಕೆಸರನ್ನು ನೀನೇ ತೆಗೆಸಿಕೋ ಎಂದಳು. ಅನುಮತಿಯ ಮಾತೆತ್ತಿದರೆ ಮಾತ್ರ, ಕೌನ್ಸಿಲಿನವರನ್ನು ನನ್ನ ಹೊಲಕ್ಕೆ ಕಾಲಿಡಲು ಬಿಡುವುದಿಲ್ಲ ಎಂದು ಕೋಲು ಕುಟ್ಟಿದಳು. ನಿಮ್ಮ ಜೊತೆ ಅವಳಿಗೆ ಚೆನ್ನಾಗಿ ಹೊಂದುತ್ತದೆ. ಅಂತೂ ಅದೂ ಹವ್ಯಾಸದ ಗೂಟವೇ ಆಯಿತು, ಹೊಗೆ ಕಾಣುವವರು ಕುರಿಗಳು ಮಾತ್ರ.

ಎರಡೂ ಆಗದಿದ್ದರೆ ತಿರುಗಾಟ. ಇದು ನಿಮಗೆ ಇಷ್ಟವಾದೀತು. ಇಲ್ಲಿ 1995ರ ಕಾಯಿದೆಯೊಂದಿದೆ: ಖಾಯಂ ಗೂಟವಿಲ್ಲದ ದೋಣಿಯವನು ಒಂದು ಜಾಗದಲ್ಲಿ 14 ದಿನಕ್ಕಿಂತ ಹೆಚ್ಚು ನಿಲ್ಲಬಾರದು, ನಿಜವಾಗಿ ಸಂಚಾರದಲ್ಲೇ ಇರಬೇಕು. ಎಷ್ಟು ದೂರ ಹೋಗಬೇಕೆಂದು ಕಾಯಿದೆ ಹೇಳುವುದಿಲ್ಲ. ಕಾಲುವೆಗಳನ್ನು ನೋಡಿಕೊಳ್ಳುವ ಕೆನಾಲ್ ಅಂಡ್ ರಿವರ್ ಟ್ರಸ್ಟಿನವರು ವರ್ಷದಲ್ಲಿ 20 ಮೈಲಿ ಹರವಿನಷ್ಟೂ ತಿರುಗದಿದ್ದರೆ ಒಪ್ಪುವುದು ಕಷ್ಟ ಎನ್ನುತ್ತಾರೆ. ಸಾವಿರಾರು ಮಂದಿ ಹೀಗೆಯೇ ಇದ್ದಾರೆ, ಮಕ್ಕಳು ಮರಿ ಕಟ್ಟಿಕೊಂಡು. ಯಕ್ಷಗಾನ ಮೇಳದ ತಿರುಗಾಟದಂತೆಯೇ: ಇಂದು ಈ ಊರು, ಮುಂದಿನ ಪಕ್ಷ ಇನ್ನೊಂದು. ಆದರೆ ಮೇಳಕ್ಕೆ ಪತ್ತನಾಜೆಗೆ ಗೆಜ್ಜೆ ಬಿಚ್ಚಿಡಲು ಒಂದು ದಿನ ಉಂಟು, ಇವರಿಗೆ ಪತ್ತನಾಜೆಯೇ ಇಲ್ಲ. 2024ರಿಂದ ಲೈಸೆನ್ಸಿಗೆ ಅವರು ಇತರರಿಗಿಂತ ಹೆಚ್ಚು ಕಟ್ಟಬೇಕು, ಆ ಹೆಚ್ಚುವರಿ ವರ್ಷ ವರ್ಷ ಏರುವಂಥದ್ದು. ಚಳಿಗಾಲದಲ್ಲಿ ರಿಪೇರಿಗೆಂದು ಲಾಕ್‌ಗಳನ್ನು ಮುಚ್ಚುತ್ತಾರೆ, ಅದನ್ನೂ ನೋಡಿಕೊಂಡು ಹೊರಡಬೇಕು. ನನಗಿರುವುದು ಒಂದೇ ತೊಂದರೆ, ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಾತ್ರಿ ಪಾಳಿ. ಪಾಳಿ ಮುಗಿಸಿ ಬೆಳಿಗ್ಗೆ ಸೈಕಲಿನಲ್ಲಿ ಹೊರಟವನಿಗೆ ಮನೆ ಎಲ್ಲಿ ಕಟ್ಟಿದ್ದೆ ಎಂದು ನೆನಪಾಗಬೇಕಷ್ಟೆ. ಡಾಕ್ಟರರಿಗೆ ತೋರಿಸಲು ಸ್ಥಿರ ವಿಳಾಸ ಬೇಕೆಂದಿಲ್ಲ, ಅದನ್ನು ವಿಚಾರಿಸಿದ್ದೇನೆ. ಬ್ಯಾಂಕಿಗೆ ಮಾತ್ರ ಬೇಕು. ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು ತಮ್ಮ ಮನೆಯ ವಿಳಾಸ ಕೊಟ್ಟುಕೋ ಎಂದಿದ್ದಾರೆ.

ಸೆಪ್ಟೆಂಬರಿನಲ್ಲಿ ಬ್ಲಿಸ್‌ವರ್ತಿನ ಸುರಂಗದೊಳಗೆ ದೋಣಿ ನಡೆಸಿಕೊಂಡು ಹೋದುದನ್ನು ಬರೆದಿರಲಿಲ್ಲ. ನಿಮಗೆ ಹೇಳಲೇಬೇಕು. 1805ರಲ್ಲಿ ತೆರೆದದ್ದು, 2.8 ಕಿಲೋಮೀಟರ್. ಒಳಗೆ ಎರಡು ದೋಣಿ ಎದುರಾದರೆ ಒಂದರ ಬದಿ ಒಂದಕ್ಕೆ ಉಜ್ಜುವಂತೆ ಹಾದು ಹೋಗುತ್ತವೆ. ಬದಿಯಲ್ಲಿ ಕಾಲುದಾರಿ ಇಲ್ಲ. ಎಂಜಿನ್ ಇಲ್ಲದ ಕಾಲದಲ್ಲಿ ಕುದುರೆಯನ್ನು ಬಿಚ್ಚಿ ಗುಡ್ಡದ ಮೇಲಿನಿಂದ ನಡೆಸಿ, ಇಬ್ಬರು ಹಲಗೆಯ ಮೇಲೆ ಅಂಗಾತ ಮಲಗಿ ಗೋಡೆಗೆ ಕಾಲು ಒದೆಯುತ್ತ ದೋಣಿಯನ್ನು ದಾಟಿಸುತ್ತಿದ್ದರಂತೆ. ನಡುವೆ ಎಂಜಿನ್ ಸದ್ದು ಕಡಿಮೆ ಮಾಡಿದೆ. ಮೇಲಿನಿಂದ ನೀರು ತೊಟ್ಟಿಕ್ಕುವ ಸದ್ದು, ಹಸಿಮಣ್ಣಿನ ವಾಸನೆ, ಹಿಂದೆ ನೋಡಿದರೆ ಸುರಂಗದ ಬಾಯಿ, ಅಡಿಕೆಯಷ್ಟು ಬೆಳಕು. ಚಿಮಣಿ ದೀಪ ಹಿಡಿದು ನಿಮ್ಮ ಹಿಂದೆ ಬಗ್ಗಿ ಬಗ್ಗಿ, ನೀರಿಗೆಂದು ಗುಡ್ಡ ಕೊರೆದ ನಮ್ಮ ಸುರಂಗದೊಳಗೆ ಬಂದು, ಜಂಬಿಟ್ಟಿಗೆ ಗೋಡೆಗೆ ಕಿವಿ ಇಟ್ಟು, ನೀರು ಇದೆ ಅಪ್ಪಾ ಎಂದದ್ದು ನನಗೆ ಏಳು ವರ್ಷವಿದ್ದಾಗ. ಆ ಸುರಂಗದ ಬಾಯಿ ಇರುವುದು ಎಲ್ಲಿ? ಕೆಳಗಿನ ತುಂಡಿನಲ್ಲಿ. ಮೇಲಿನ ತೋಟಕ್ಕೆ ಪಂಪಿಟ್ಟು ನೀರು ಎತ್ತುವುದು ಎಲ್ಲಿಂದ? ಕೆಳಗಿನ ಕೆರೆಯಿಂದ. 70 ಸೆಂಟ್ಸ್ ಮಾರುತ್ತೇನೆ ಎಂದು ನೀವು ಬರೆದಿದ್ದೀರಿ, ನೀರು ಮಾರುತ್ತೇನೆ ಎಂದು ಬರೆದಿಲ್ಲ. ಆದರೆ ಕೊಳ್ಳುವವನು ಓದುವುದು ಹಾಗೆಯೇ.

ಅಪ್ಪಾ, ಅದು ಅಜ್ಜ ಗೇಣಿಗೆ ಮಾಡುತ್ತಿದ್ದ ಜಾಗ. 1970ರಲ್ಲಿ ಕಾಯಿದೆ ಬಂದು ಗೇಣಿ ಹೋಗಿ, ಟ್ರಿಬ್ಯುನಲಿಗೆ ಅಲೆದು ಪಟ್ಟೆ ಮಾಡಿಸಿಕೊಂಡ ಕಥೆಯನ್ನು ನೀವೇ ನನಗೆ ನೂರು ಸಲ ಹೇಳಿದ್ದೀರಿ. ಇಲ್ಲಿ ನನಗೆ ಆ ಕಥೆ ಈಗ ಅರ್ಥವಾಗುತ್ತಿದೆ. ದೋಣಿಯಲ್ಲಿ ಇರುವವನಿಗೆ ಬಾಡಿಗೆ ಮನೆಯವನ ರಕ್ಷಣೆಯೂ ಇಲ್ಲ. ಕೆಲವು ವಾರದ ನೋಟೀಸು ಕೊಟ್ಟು ಬಿಚ್ಚಿಕೊಂಡು ಹೋಗು ಎಂದರೆ ಹೋಗಬೇಕು, ಹತ್ತು ವರ್ಷ ಇದ್ದರೂ ಅಷ್ಟೇ. ಹಕ್ಕಿಲ್ಲದ ಜಾಗ ಎಂದರೆ ಏನೆಂದು ನಾನು ಕಲಿಯುತ್ತಿರುವಾಗ ನೀವು ಹಕ್ಕಿರುವ ಜಾಗ ಮಾರಿ ನನಗೆ ಕಳುಹಿಸುವುದು ಯಾವ ನ್ಯಾಯ? ಇನ್ನೊಂದು ವಿಷಯ ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಹೊರದೇಶದಲ್ಲಿ ನೆಲೆಸಿದವನು ಭಾರತದಲ್ಲಿ ಮನೆ ಕೊಳ್ಳಬಹುದು, ಅಂಗಡಿ ಕೊಳ್ಳಬಹುದು, ಕೃಷಿಭೂಮಿ ಮತ್ತು ತೋಟ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ಎಂದರೆ ಈಗ ಮಾರಿದರೆ ನಾಳೆ ನನ್ನ ಹತ್ತಿರ ಎಷ್ಟೇ ಹಣವಿದ್ದರೂ ಇಲ್ಲಿದ್ದುಕೊಂಡು ಅದನ್ನು ತಿರುಗಿ ಕೊಳ್ಳಲು ಆಗುವುದಿಲ್ಲ. ಮತ್ತೆ ಆ 40 ಲಕ್ಷ ಇಲ್ಲಿಗೆ ಬಂದರೆ 35,000 ಪೌಂಡೂ ಆಗುವುದಿಲ್ಲ. ಸಾಧಾರಣ ಒಂದು ಚಿಕ್ಕ ಮನೆಗೆ ಎರಡು ಲಕ್ಷ ಪೌಂಡಿನ ಮೇಲೆ ಕೇಳುತ್ತಾರೆ. ನಿಮ್ಮ ತೋಟದಿಂದ ನನಗೆ ಸಿಗುವುದು ಅಡುಗೆಮನೆ ಮತ್ತು ಬಚ್ಚಲು. ಉಳಿದದ್ದಕ್ಕೆ ಮೂವತ್ತು ವರ್ಷದ ಸಾಲ. ಈಗಿನದ್ದು ನಾಲ್ಕು ವರ್ಷದ್ದು ಮಾತ್ರ.

ಗೋವಿಂದಣ್ಣನಿಗೆ ಈ ಮಾತು ಹೇಳಿ ನೋಡಿ. ಅವನು ನಿಮ್ಮ ಮಾತಿಗೆ ತಲೆಯಾಡಿಸಿದ್ದರೆ ಅದು ದಾಕ್ಷಿಣ್ಯಕ್ಕೆ. ಸುಮಕ್ಕನಿಗೆ ಗೊತ್ತೇ? ಗೊತ್ತಿದ್ದರೆ ಅವಳು ಇಷ್ಟರಲ್ಲಿ ನನಗೆ ಫೋನು ಮಾಡಿ ಅತ್ತಿರಬೇಕಿತ್ತು.

ನೀವು ಕೇಳಿದ್ದೀರಿ, ನಾಳೆ ಯಾರಾದರೂ ಹೆಣ್ಣಿನ ಕಡೆಯವರು ಮನೆ ಎಲ್ಲಿ ಎಂದು ಕೇಳಿದರೆ ಏನು ಹೇಳಲಿ ಎಂದು. ಮನೆ ನಮ್ಮಲ್ಲೇ ಇದೆ, ತೋಟವೂ ಇದೆ, ಮಗ ಇಂಗ್ಲೆಂಡಿನಲ್ಲಿ ಉಕ್ಕಿನ ಮನೆಯಲ್ಲಿದ್ದಾನೆ ಎನ್ನಿ. ಸುಳ್ಳಲ್ಲ. ತೋಟ ಮಾರಿದ ಮೇಲೆ ಹೇಳಲು ಅರ್ಧವೇ ಉಳಿಯುತ್ತದೆ.

ನಾನು ಚೆನ್ನಾಗಿದ್ದೇನೆ. ಬಹಳ ಚೆನ್ನಾಗಿದ್ದೇನೆ. ತೂಕ ಹೆಚ್ಚಾಗಿದೆ, ನಿದ್ದೆ ಚೆನ್ನಾಗಿ ಬರುತ್ತದೆ, ನೀರು ಅಲುಗುವುದು ಗೊತ್ತೇ ಆಗುವುದಿಲ್ಲ, ಕಾಲುವೆಯ ಆಳ ಹೆಚ್ಚಿನ ಕಡೆ ಎದೆಮಟ್ಟವೂ ಇಲ್ಲ, ಬಿದ್ದರೆ ಎದ್ದು ನಿಂತರಾಯಿತು. ಬಿದ್ದದ್ದು ಒಂದೇ ಸಲ. ಅಮ್ಮ, ಅದು ಬೇಸಗೆಯಲ್ಲಿ.

ಅಡಿಕೆಗೆ ಈ ಸಲ ದರ ಹೇಗಿದೆ, ಕ್ಯಾಂಪ್ಕೋಗೆ ಕೊಟ್ಟಿರಾ ಅಥವಾ ಮೊಯ್ದು ಬ್ಯಾರಿಗೇ ಕೊಟ್ಟಿರಾ ಬರೆಯಿರಿ. ಕಟ್ಟ ಹಾಕಿ ಆಯಿತೇ? ನನ್ನ ನಲ್ಲಿಯ ಕೊಳವೆಯೊಳಗಿನ ಹೆಪ್ಪು ಬಿಸಿಲಿಗೆ ಕರಗಿದ ಹಾಗಿದೆ, ಮತ್ತೆ ಹೆಪ್ಪುಗಟ್ಟುವ ಮೊದಲು ಟ್ಯಾಂಕು ತುಂಬಿಸಿಕೊಳ್ಳಬೇಕು, ಆರು ಗಂಟೆಗೆ ಪಾಳಿ. ಇಲ್ಲಿಗೆ ನಿಲ್ಲಿಸುತ್ತೇನೆ.

ನಿಮ್ಮ ಮಗ
ಮುರಳಿ

ಮರೆತೆ: ಮುಂದಿನ ಪತ್ರವನ್ನು ಮರೀನಾದ ವಿಳಾಸಕ್ಕೆ ಹಾಕಬೇಡಿ. ಆಸ್ಪತ್ರೆಯ ವಿಳಾಸಕ್ಕೆ ಹಾಕಿ, ನನ್ನ ಹೆಸರಿನ ಕೆಳಗೆ ಪ್ರಯೋಗಾಲಯ ಎಂದು ಇಂಗ್ಲಿಷಿನಲ್ಲಿ ಬರೆಯಿರಿ, ಸಾಕು. ಕನ್ನಡದಲ್ಲೂ ಬರೆಯಿರಿ. ಮತ್ತೆ, ಮುಂಗಡ ತೆಗೆದುಕೊಂಡಿದ್ದೀರೋ ಇಲ್ಲವೋ ಎಂಬುದನ್ನು ಮಾತ್ರ ಪತ್ರಕ್ಕೆ ಕಾಯಿಸದೆ ಅಮ್ಮನ ಫೋನಿನಲ್ಲಿ ಇಂದೇ ಹೇಳಿಸಿ.